ಲೆಕ್ಕ ಬರೋಬ್ಬರಿ ಇದ್ದರೆ ಸಾಕೇ?

ಸಹಕಾರಿ ಸಂಘದ ವಾರ್ಷಿಕ ಮಹಾಸಭೆಯಲ್ಲಿ ಸದಸ್ಯನೊಬ್ಬ ಎದ್ದು ನಿಂತು ನಿರ್ದೇಶಕರೊಬ್ಬರ ವ್ಯವಹಾರದ ಬಗ್ಗೆ ಅನುಮಾನ ಎತ್ತಿದನೆನ್ನಿ. ನಮ್ಮ ವಿಜಯಪುರ ಜಿಲ್ಲೆಯ ಇಂಡಿಯಾಗಲಿ ಸಿಂದಗಿಯಾಗಲಿ, ಮುದ್ದೇಬಿಹಾಳವಾಗಲಿ ಬಸವನ ಬಾಗೇವಾಡಿಯಾಗಲಿ, ವೇದಿಕೆಯ ಮೇಲಿಂದ ಬರುವ ಉತ್ತರ ಸಾಮಾನ್ಯವಾಗಿ ಒಂದೇ: “ಲೆಕ್ಕ ಬರೋಬ್ಬರಿ ಅದ, ಆಡಿಟ್ ಆಗ್ಯಾದ. ಮತ್ತೇನ್ ಬೇಕ್ರಿ ನಿಮಗ?” ಊಟದ ಹೊತ್ತೂ ಆಗಿರುತ್ತದೆ, ಮಾತು ಅಲ್ಲಿಗೆ ನಿಲ್ಲುತ್ತದೆ. ಕಾನೂನು ಕೇಳುವ ಉತ್ತರದಲ್ಲಿ ಇದು ಅರ್ಧ ಮಾತ್ರ ಎಂಬುದು ಕೇಳಿದವನಿಗೂ ಗೊತ್ತಿರುವುದಿಲ್ಲ, ಹೇಳಿದವರಿಗೂ ಗೊತ್ತಿರುವುದಿಲ್ಲ.

ಉಳಿದರ್ಧಕ್ಕೆ ಕಾನೂನಿನ ಪುಸ್ತಕಗಳಲ್ಲಿ ಫಿಡ್ಯೂಷಿಯರಿ ಹೊಣೆ ಎಂದು ಹೆಸರು. ಇಲ್ಲಿ ವಿಶ್ವಾಸದ ಹೊಣೆ ಎನ್ನೋಣ. ಇನ್ನೊಬ್ಬರ ಹಣ, ಇನ್ನೊಬ್ಬರ ಆಸ್ತಿ, ಇನ್ನೊಬ್ಬರ ಅಧಿಕಾರ ಕೈಯಲ್ಲಿ ಹಿಡಿದವನು ಅದರಿಂದ ತನಗೆ ಲಾಭ ಮಾಡಿಕೊಳ್ಳಬಾರದು ಎಂಬುದು ಅದರ ತಿರುಳು. ಕದಿಯಬಾರದು ಎಂಬ ನಿಯಮ ಬೇರೆ, ಅದಕ್ಕೆ ಅಪರಾಧ ಕಾನೂನು ಇದೆ. ಇದು ಅದಕ್ಕಿಂತ ಕಟ್ಟುನಿಟ್ಟು. ಒಂದು ಪೈಸೆ ಕದಿಯದವನನ್ನೂ, ಒಡೆಯನಿಗೆ ನಯಾಪೈಸೆ ನಷ್ಟ ಮಾಡದವನನ್ನೂ ಇದು ಹಿಡಿಯುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಈ ಮಾತು ಬಂದರೆ ಬಸವಣ್ಣನವರ ನೆನಪಾಗುವುದು ಸಹಜ. ಬಾಗೇವಾಡಿಯಲ್ಲಿ ಹುಟ್ಟಿ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾದವರು ಅವರು. ಪರರ ಹಣದ ಕಾವಲುಗಾರಿಕೆಯೇ ಅವರ ಉದ್ಯೋಗವಾಗಿತ್ತು. ಭಂಡಾರದ ಹಣವನ್ನು ಜಂಗಮರಿಗೆ ಸುರಿಯುತ್ತಿದ್ದಾರೆಂಬ ದೂರು ಅರಸನ ಕಿವಿಗೆ ಬಿದ್ದು, ಎಣಿಸಿ ನೋಡಿದರೆ ಹಣ ಪೂರ್ತಿ ಇತ್ತು ಎಂದು ಪುರಾಣಗಳು ಕಥೆ ಹೇಳುತ್ತವೆ. ನಮ್ಮ ಜನ ಮತ್ತೆ ಮತ್ತೆ ಹೇಳಿಕೊಳ್ಳುವ ಕಥೆಯೇನೋ ಇದು, ಆದರೆ ಇದರಲ್ಲಿ ಪರೀಕ್ಷೆಯಾದದ್ದು ಲೆಕ್ಕ. ಎಣಿಕೆ ಸರಿಹೋದ ಕೂಡಲೇ ದೂರು ಬಿದ್ದುಹೋಯಿತು. ನಮ್ಮ ಮಹಾಸಭೆಗಳೂ ಇದೇ ಕಥೆಯ ತರ್ಕದಲ್ಲಿ ನಡೆಯುತ್ತಿವೆ ಎಂದು ನನಗೆ ಅನಿಸುವುದುಂಟು.

ಎಣಿಕೆ ಸರಿಯಿದ್ದರೂ ತಪ್ಪಿತಸ್ಥರಾದವರ ಕಥೆ ಇಂಗ್ಲೆಂಡಿನ ಹೇಸ್ಟಿಂಗ್ಸ್ ಪಟ್ಟಣದ್ದು. ಅಲ್ಲಿ ರೀಗಲ್ ಎಂಬ ಕಂಪನಿಗೆ ಒಂದು ಚಿತ್ರಮಂದಿರ ಇತ್ತು. ಇನ್ನೆರಡನ್ನು ಲೀಸಿಗೆ ಹಿಡಿದು, ಮೂರನ್ನೂ ಕೂಡಿಸಿ ಮಾರಿದರೆ ಒಳ್ಳೆಯ ಬೆಲೆ ಬರುತ್ತದೆಂದು ನಿರ್ದೇಶಕರು ಯೋಚಿಸಿದರು. ಲೀಸಿಗಾಗಿ ಒಂದು ಉಪಕಂಪನಿ ಕಟ್ಟಿದರು. ಅದರ ಬಂಡವಾಳ 5,000 ಪೌಂಡ್ ಇರಬೇಕು, ಇಲ್ಲವೇ ನಿರ್ದೇಶಕರು ಸ್ವಂತ ಜಾಮೀನು ಕೊಡಬೇಕು ಎಂದ ಕಟ್ಟಡದ ಮಾಲೀಕ. ರೀಗಲ್ ಹಾಕಬಲ್ಲದ್ದು 2,000 ಪೌಂಡ್ ಮಾತ್ರ. ಜಾಮೀನಿಗೆ ಮನಸ್ಸಿಲ್ಲದ ನಿರ್ದೇಶಕರು ಉಳಿದ ಷೇರುಗಳಲ್ಲಿ ತಲಾ 500ರಂತೆ ತಾವೇ ಕೊಂಡರು. ಅಧ್ಯಕ್ಷ ಗಲಿವರ್ ತನ್ನ ಪಾಲಿನದಕ್ಕೆ ಹೊರಗಿನವರನ್ನು ಹುಡುಕಿದ. ಕಂಪನಿಯ ವಕೀಲ ಮಂಡಳಿಯ ಒಪ್ಪಿಗೆಯ ಮೇರೆಗೆ ಒಂದು ಪಾಲು ಕೊಂಡ. ಕೆಲವೇ ದಿನಗಳಲ್ಲಿ ಎಲ್ಲ ಷೇರುಗಳೂ ಮಾರಾಟವಾಗಿ ಒಂದೊಂದಕ್ಕೂ ಎರಡೂಮುಕ್ಕಾಲು ಪೌಂಡಿಗೂ ಮೇಲೆ ಲಾಭ ಬಂತು. ರೀಗಲ್ಲಿಗೆ ನಷ್ಟ ಆಗಿರಲಿಲ್ಲ. ಅದರ ಕೈಲಿ ಆಗದ ಕೆಲಸವನ್ನು ನಿರ್ದೇಶಕರು ಸ್ವಂತ ದುಡ್ಡು ಹಾಕಿ ಮಾಡಿದ್ದರು, ಕೆಟ್ಟ ಉದ್ದೇಶವೂ ಇರಲಿಲ್ಲ. ಆದರೂ 1942ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವರಿಂದ ಲಾಭವನ್ನು ಕಕ್ಕಿಸಿತು. ನಿರ್ದೇಶಕರಾಗಿದ್ದಕ್ಕೇ ಆ ಅವಕಾಶ ಅವರಿಗೆ ಸಿಕ್ಕಿತು, ಆದ್ದರಿಂದ ಅದರ ಫಲ ಕಂಪನಿಯದು; ಬೇಕಿದ್ದರೆ ಷೇರುದಾರರ ಸಭೆ ಕರೆದು ಒಪ್ಪಿಗೆ ಕೇಳಬಹುದಿತ್ತು, ಕೇಳಲಿಲ್ಲ. ತಮಾಷೆಯೆಂದರೆ ಗಲಿವರ್ ಪಾರಾದ, ತನಗಾಗಿ ಕೊಳ್ಳದ ಕಾರಣ. ವಕೀಲನೂ ಪಾರಾದ, ಮಂಡಳಿಯ ಒಪ್ಪಿಗೆ ಇದ್ದ ಕಾರಣ. ವಕೀಲರು ಹೀಗೆ ಪಾರಾಗುವುದು ಎಲ್ಲ ದೇಶಗಳಲ್ಲೂ ಇದ್ದದ್ದೇ.

ಇದರ ಬೇರು ಇನ್ನೂ ಹಳೆಯದು. 1726ರ ಕೀಚ್ ಮತ್ತು ಸ್ಯಾಂಡ್‌ಫರ್ಡ್ ಮೊಕದ್ದಮೆಯಲ್ಲಿ ಒಂದು ಸಂತೆಯ ಗುತ್ತಿಗೆ ಎಳೆಯ ಮಗುವಿನ ಹೆಸರಿನಲ್ಲಿ ಟ್ರಸ್ಟಿಯ ಕೈಲಿತ್ತು. ಅವಧಿ ಮುಗಿದಾಗ ಮಗುವಿಗೆ ಗುತ್ತಿಗೆ ಕೊಡಲಾರೆನೆಂದ ಮಾಲೀಕ. ಟ್ರಸ್ಟಿ ತನ್ನ ಹೆಸರಿಗೆ ಮಾಡಿಸಿಕೊಂಡ. ಲೋಕದಲ್ಲಿ ಬೇರೆ ಯಾರು ಬೇಕಾದರೂ ಆ ಗುತ್ತಿಗೆ ಹಿಡಿಯಬಹುದಿತ್ತು, ಆ ಒಬ್ಬನ ಹೊರತು, ಎಂಬ ಅರ್ಥದ ತೀರ್ಪು ಬಂತು. ನಮ್ಮಲ್ಲಿ 1882ರ ಭಾರತೀಯ ಟ್ರಸ್ಟ್ ಕಾಯ್ದೆಯ 88ನೇ ಕಲಂ ಇದನ್ನೇ ಬರೆದಿಟ್ಟಿತು. ಟ್ರಸ್ಟಿ, ಪಾಲುದಾರ, ಏಜೆಂಟ್, ಕಾನೂನು ಸಲಹೆಗಾರರ ಜೊತೆಗೆ ಕಂಪನಿಯ ನಿರ್ದೇಶಕನನ್ನೂ ಅದು ಹೆಸರಿಸಿ ಹೇಳುತ್ತದೆ: ಸ್ಥಾನದಿಂದ ಪಡೆದ ಲಾಭವನ್ನು ಯಾರ ಪರವಾಗಿ ಆ ಸ್ಥಾನದಲ್ಲಿದ್ದನೋ ಅವರಿಗಾಗಿಯೇ ಇಟ್ಟುಕೊಳ್ಳಬೇಕು. ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದ್ದು 1905ರಲ್ಲಿ. ಅಷ್ಟರೊಳಗೆ ಈ ಕಲಮಿಗೆ ಇಪ್ಪತ್ತಮೂರು ವರ್ಷ ತುಂಬಿತ್ತು.

ಈಗ ಇಂಡಿಗೆ ಬರೋಣ. ಲಿಂಬೆಯ ಊರು, ಅಲ್ಲಿನ ಲಿಂಬೆಗೆ ಜಿಐ ಮಾನ್ಯತೆಯೂ ಇದೆ, ರಾಜ್ಯದ ಲಿಂಬೆ ಅಭಿವೃದ್ಧಿ ಮಂಡಳಿಯೂ ಅಲ್ಲೇ ಇದೆ. ಒಂದು ರೈತ ಉತ್ಪಾದಕ ಕಂಪನಿಯನ್ನು ಕಲ್ಪಿಸಿಕೊಳ್ಳಿ. ಹೈದರಾಬಾದಿನ ಖರೀದಿದಾರನೊಬ್ಬ ಕಂಪನಿಯ ನಿರ್ದೇಶಕನಿಗೆ ಫೋನು ಹಚ್ಚಿ ಹತ್ತು ಟನ್ ಲಿಂಬೆ ಬೇಕೆನ್ನುತ್ತಾನೆ. ರೈತರಿಗೆ ಮುಂಗಡ ಕೊಡಲು ಕಂಪನಿಯ ಖಾತೆಯಲ್ಲಿ ದುಡ್ಡಿಲ್ಲ. ನಿರ್ದೇಶಕ ತನ್ನ ಸ್ವಂತ ದುಡ್ಡು ಹಾಕಿ, ಮಾರುಕಟ್ಟೆಯ ದರಕ್ಕೇ ರೈತರಿಂದ ಕೊಂಡು, ಲಾರಿ ತುಂಬಿ ಕಳಿಸಿ ಲಾಭ ಮಾಡಿಕೊಳ್ಳುತ್ತಾನೆ. ರೈತರಿಗೆ ದರ ಸಿಕ್ಕಿತು. ಕಂಪನಿಯ ಪುಸ್ತಕದಲ್ಲಿ ಒಂದು ಗೆರೆಯೂ ಅತ್ತಿತ್ತ ಆಗಲಿಲ್ಲ. ಆಡಿಟರನಿಗೆ ಹಿಡಿಯಲು ಏನೂ ಇಲ್ಲ. “ನಾ ಮಾಡದಿದ್ರ ಆ ಆರ್ಡರ್ ಬ್ಯಾರೇದವ್ರಿಗಿ ಹೋಗ್ತಿತ್ರೀ” ಎಂದು ಆತ ಹೇಳಿದರೆ ಅದು ಸುಳ್ಳೂ ಅಲ್ಲ. ಇದು ಅಕ್ಷರಶಃ ರೀಗಲ್ ಪ್ರಕರಣ, ಸಿನಿಮಾದ ಜಾಗದಲ್ಲಿ ಲಿಂಬೆ ಬಂದಿದೆ ಅಷ್ಟೆ. ಮಂಡಳಿಯ ಮುಂದೆ ಮೊದಲೇ ಹೇಳಿ, ಸದಸ್ಯರ ಒಪ್ಪಿಗೆ ಪಡೆದು ಮಾಡಿದ್ದರೆ ಮಾತು ಬೇರೆ.

ಉತ್ಪಾದಕ ಕಂಪನಿ ಎಂಬ ಪದ್ಧತಿ ಬಂದದ್ದು ವೈ.ಕೆ. ಅಲಘ್ ಸಮಿತಿಯ ಶಿಫಾರಸಿನ ಮೇಲೆ, 2002ರ ತಿದ್ದುಪಡಿಯ ಮೂಲಕ; ಈಗ ಅದು 2013ರ ಕಂಪನಿ ಕಾಯ್ದೆಯ ಒಂದು ಅಧ್ಯಾಯ. ಹತ್ತು ಮಂದಿ ಉತ್ಪಾದಕರು ಸೇರಿದರೆ ಸಾಕು ಕಂಪನಿ ಕಟ್ಟಬಹುದು. ಐದರಿಂದ ಹದಿನೈದು ನಿರ್ದೇಶಕರು. ಎಷ್ಟೇ ಷೇರು ಇರಲಿ, ರೈತನೊಬ್ಬನಿಗೆ ಒಂದೇ ಮತ. ನಿರ್ದೇಶಕನಿಗಾಗಲಿ ಅವನ ಸಂಬಂಧಿಗಾಗಲಿ ಸಾಲ ಕೊಡುವುದಿದ್ದರೆ ಸದಸ್ಯರ ಮಹಾಸಭೆ ಒಪ್ಪಬೇಕು. 2020ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ಹತ್ತು ಸಾವಿರ ರೈತ ಉತ್ಪಾದಕ ಸಂಸ್ಥೆಗಳ ಯೋಜನೆಯನ್ನು 6,865 ಕೋಟಿ ರೂಪಾಯಿಯೊಂದಿಗೆ ಶುರುಮಾಡಿತು. ಒಂದೊಂದಕ್ಕೆ ಮೂರು ವರ್ಷದ ನಿರ್ವಹಣೆಗೆ 18 ಲಕ್ಷದವರೆಗೆ, ಸದಸ್ಯರ ಷೇರು ಹಣಕ್ಕೆ ಸರಿಸಮ ಅನುದಾನವಾಗಿ 15 ಲಕ್ಷದವರೆಗೆ. ಹಣ ಬಂತು, ನೋಂದಣಿ ಆಯಿತು, ನಿರ್ದೇಶಕರ ಫೋಟೊ ಗೋಡೆಗೆ ಬಿತ್ತು. ಆ ಕುರ್ಚಿಯಲ್ಲಿ ಕೂತ ದಿನದಿಂದ ತಮ್ಮ ಮೇಲೆ ಆ ಕಂಪನಿ ಕಾಯ್ದೆಯ 166ನೇ ಕಲಂ ಕೂತಿದೆ ಎಂದು ಅವರಿಗೆ ತಾಳ್ಮೆಯಿಂದ ಕನ್ನಡದಲ್ಲಿ ತಿಳಿಸಿ ಹೇಳುವ ಕೆಲಸ ಮಾತ್ರ ಯಾರ ಕೆಲಸವೂ ಆಗಲಿಲ್ಲ.

166ನೇ ಕಲಂ ಏನು ಹೇಳುತ್ತದೆ? 1956ರ ಹಳೆಯ ಕಂಪನಿ ಕಾಯ್ದೆಯಲ್ಲಿ ನಿರ್ದೇಶಕನ ಕರ್ತವ್ಯಗಳ ಪಟ್ಟಿಯೇ ಇರಲಿಲ್ಲ, ತೀರ್ಪುಗಳಿಂದ ಹೆಕ್ಕಿಕೊಳ್ಳಬೇಕಿತ್ತು. 2013ರಲ್ಲಿ ಮೊದಲ ಬಾರಿಗೆ ಅವು ಒಂದೇ ಕಲಮಿನಲ್ಲಿ ಅಚ್ಚಾದವು. ಪ್ರಾಮಾಣಿಕವಾಗಿ ಎಲ್ಲ ಸದಸ್ಯರ ಹಿತಕ್ಕಾಗಿ, ಜೊತೆಗೆ ನೌಕರರು, ಸಮುದಾಯ, ಪರಿಸರದ ಹಿತವನ್ನೂ ನೋಡಿ ಕೆಲಸ ಮಾಡಬೇಕು. ತಕ್ಕ ಎಚ್ಚರ ಮತ್ತು ಸ್ವಂತ ವಿವೇಚನೆ ಬಳಸಬೇಕು, ಅಂದರೆ ಸಾಹುಕಾರರು ಹೇಳಿದಲ್ಲಿ ಸಹಿ ಹಾಕುವುದು ತಪ್ಪು. ಕಂಪನಿಯ ಹಿತಕ್ಕೆ ಎದುರಾಗುವ, ಎದುರಾಗಬಹುದಾದ ನೇರ ಅಥವಾ ಪರೋಕ್ಷ ಹಿತಾಸಕ್ತಿಯಲ್ಲಿ ಸಿಕ್ಕಿಕೊಳ್ಳಬಾರದು. ತನಗಾಗಲಿ ಸಂಬಂಧಿಗಳಿಗಾಗಲಿ ಪಾಲುದಾರರಿಗಾಗಲಿ ಸಲ್ಲದ ಲಾಭ ಮಾಡಿಕೊಡಬಾರದು; ಮಾಡಿದ್ದು ಸಾಬೀತಾದರೆ ಅಷ್ಟೂ ಹಣವನ್ನು ಕಂಪನಿಗೆ ಕಟ್ಟಬೇಕು. ಇದರ ಮೇಲೆ ಒಂದರಿಂದ ಐದು ಲಕ್ಷದವರೆಗೆ ದಂಡ. ಟಾಟಾ ಸಮೂಹದ ನಿರ್ದೇಶಕನಿಗೂ ಸಿಂದಗಿಯ ತೊಗರಿ ಬೆಳೆಗಾರರ ಕಂಪನಿಯ ನಿರ್ದೇಶಕನಿಗೂ ಇದೇ ಕಲಂ, ಇದೇ ಅಕ್ಷರ.

ಸಹಕಾರಿ ಸಂಘದ ನಿರ್ದೇಶಕನಿಗೆ ಇದು ಅನ್ವಯಿಸುವುದಿಲ್ಲ. ಅವನು 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆಯ ಕೆಳಗೆ ಬರುತ್ತಾನೆ. ಅದರ 69ನೇ ಕಲಂ ಸರ್ಚಾರ್ಜಿನದು: ಕಾಯ್ದೆಗೆ ವಿರುದ್ಧವಾಗಿ ಹಣ ಕೊಟ್ಟರೆ, ವಿಶ್ವಾಸದ್ರೋಹದಿಂದ ಅಥವಾ ಬೇಕೆಂದೇ ಮಾಡಿದ ಅಲಕ್ಷ್ಯದಿಂದ ಸಂಘದ ಆಸ್ತಿಗೆ ಕೊರತೆ ತಂದರೆ, ಹಣ ದುರುಪಯೋಗ ಮಾಡಿದರೆ ನಿಬಂಧಕರು ವಸೂಲಿಗೆ ಆದೇಶ ಮಾಡಬಹುದು. ಅದರ ನೋಟವೆಲ್ಲ ಮುಖ್ಯವಾಗಿ ಸಂಘಕ್ಕಾದ ಕೊರತೆಯ ಕಡೆಗೆ. ಕೊರತೆ ಆಗದೆ ನಿರ್ದೇಶಕನಿಗೆ ಲಾಭ ಆದದ್ದು ಅದರ ಬಲೆಯಿಂದ ಸಲೀಸಾಗಿ ನುಸುಳುತ್ತದೆ. ಹಾಗಾಗಿ ಅದೇ ಲಿಂಬೆ, ಅದೇ ಲಾರಿ, ಅದೇ ಮನುಷ್ಯ. ಕಂಪನಿಯ ನಿರ್ದೇಶಕನಾಗಿದ್ದರೆ ಲಾಭ ಮರಳಿಸಬೇಕಾಗುತ್ತದೆ, ಸಂಘದ ನಿರ್ದೇಶಕನಾಗಿದ್ದರೆ ಸರ್ಚಾರ್ಜು ಅವನನ್ನು ಮುಟ್ಟುವುದು ಅನುಮಾನ. ಆದರೆ 1882ರ ಟ್ರಸ್ಟ್ ಕಾಯ್ದೆಯ ಆ 88ನೇ ಕಲಂ ಹೆಸರಿಸಿದವರಿಗಷ್ಟೇ ನಿಲ್ಲದೆ, ವಿಶ್ವಾಸದ ಸ್ಥಾನದಲ್ಲಿರುವ ಬೇರೆ ಯಾರನ್ನಾದರೂ ಒಳಗೊಳ್ಳುವಷ್ಟು ಅಗಲವಾಗಿದೆ. ಸಂಘದ ನಿರ್ದೇಶಕನನ್ನು ಅದರಡಿ ತರಬಹುದೇ? ತರಬಹುದೆಂದೇ ನನ್ನ ಎಣಿಕೆ. ಅದನ್ನು ತೀರ್ಪುಗಳ ಬೆಂಬಲದೊಂದಿಗೆ ಕಟ್ಟಿ ನಿಲ್ಲಿಸುವುದು ಒಂದು ಪಿಎಚ್.ಡಿ.ಯ ಕೆಲಸ.

ಪಿಎಚ್.ಡಿ. ಎಂದೆ. ಈ ವಿಷಯ ಬೆಳೆದದ್ದು ಅರ್ಧ ನ್ಯಾಯಾಲಯದಲ್ಲಿ, ಅರ್ಧ ತರಗತಿಯಲ್ಲಿ. ನಿರ್ದೇಶಕರು ಷೇರುದಾರರಿಗಷ್ಟೇ ಹೊಣೆಯೋ, ನೌಕರರಿಗೂ ಸಮಾಜಕ್ಕೂ ಹೊಣೆಯೋ ಎಂದು 1931-32ರಲ್ಲಿ ಅಡಾಲ್ಫ್ ಬರ್ಲೆ ಮತ್ತು ಮೆರಿಕ್ ಡಾಡ್ ಎಂಬ ಇಬ್ಬರು ಪ್ರಾಧ್ಯಾಪಕರು ಹಾರ್ವರ್ಡಿನ ಕಾನೂನು ಪತ್ರಿಕೆಯಲ್ಲಿ ಜಗಳವಾಡಿದರು. ನಮ್ಮ 166ನೇ ಕಲಂ ಇಬ್ಬರ ಮಾತನ್ನೂ ಒಂದೇ ಉಸಿರಿನಲ್ಲಿ ಹೇಳಿ, ಅವೆರಡು ಡಿಕ್ಕಿ ಹೊಡೆದರೆ ಏನು ಗತಿ ಎಂಬುದನ್ನು ಹೇಳದೆ ಬಿಟ್ಟಿದೆ. ಆಸ್ಟ್ರೇಲಿಯದ ಪಾಲ್ ಫಿನ್ ಕೇಂಬ್ರಿಜ್‌ನಲ್ಲಿ ಈ ಹೊಣೆಯ ಮೇಲೆಯೇ ಬರೆದ ಪ್ರಬಂಧ 1977ರಲ್ಲಿ ಪುಸ್ತಕವಾಗಿ ಬಂತು, ಮುಂದೆ ಅವರು ತಮ್ಮ ದೇಶದ ಫೆಡರಲ್ ನ್ಯಾಯಾಲಯದ ನ್ಯಾಯಮೂರ್ತಿಯಾದರು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ ಓದಿದ ಉಮಾಕಾಂತ್ ವರೊಟ್ಟಿಲ್ ವಕೀಲಿ ಸಂಸ್ಥೆಯ ಪಾಲುದಾರಿಕೆ ಬಿಟ್ಟು ಪಾಠ ಹೇಳುವ ಕಡೆ ಹೊರಳಿ, ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದಲ್ಲಿ ಭಾರತದ ಕಂಪನಿ ಕಾನೂನಿನ ಮೇಲೆ ಬರೆಯುತ್ತಿದ್ದಾರೆ. ಪಾಂಡಿತ್ಯ ಇದ್ದ ಮಾತ್ರಕ್ಕೆ ಕಾವಲು ಗಟ್ಟಿಯಾಗುವುದಿಲ್ಲ ಎಂಬುದಕ್ಕೂ ಸಾಕ್ಷಿ ಇದೆ. 2008ರ ಡಿಸೆಂಬರಿನಲ್ಲಿ ಸತ್ಯಂ ಕಂಪನಿಯ ಮಂಡಳಿ, ಸಂಸ್ಥಾಪಕರ ಕುಟುಂಬಕ್ಕೇ ಸೇರಿದ ಮೇಟಾಸ್ ಕಂಪನಿಗಳನ್ನು 160 ಕೋಟಿ ಡಾಲರಿಗೆ ಕೊಳ್ಳಲು ಒಪ್ಪಿಕೊಂಡಾಗ ಆ ಮಂಡಳಿಯಲ್ಲಿ ಹಾರ್ವರ್ಡಿನ ಪ್ರಾಧ್ಯಾಪಕರೊಬ್ಬರೂ ಇದ್ದರು.

ನಮ್ಮ ನಾಲ್ಕು ತಾಲ್ಲೂಕಿನ ಹುಡುಗನೋ ಹುಡುಗಿಯೋ ಈ ದಾರಿ ಹಿಡಿಯಬೇಕೆಂದರೆ? ಪಿಯುಸಿ ಆದ ಮೇಲೆ ಐದು ವರ್ಷ, ಇಲ್ಲವೇ ಪದವಿ ಆದ ಮೇಲೆ ಮೂರು ವರ್ಷದ ಎಲ್‌ಎಲ್.ಬಿ.; ವಿಜಯಪುರದಲ್ಲೇ ಕಾನೂನು ಕಾಲೇಜುಗಳಿವೆ, 2009ರಲ್ಲಿ ಹುಬ್ಬಳ್ಳಿಯಲ್ಲಿ ಆರಂಭವಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯದ ಕೆಳಗೆ. ಆಮೇಲೆ ಎಲ್‌ಎಲ್.ಎಂ., ಅದರಲ್ಲಿ ವಾಣಿಜ್ಯ ಕಾನೂನು ಆರಿಸಿಕೊಂಡರೆ ಒಳ್ಳೆಯದು. ನೆಟ್ ಅಥವಾ ಕೆ-ಸೆಟ್ ಪಾಸಾಗಬೇಕು. ಪಿಎಚ್.ಡಿ.ಗೆ ಕನಿಷ್ಠ ಮೂರು ವರ್ಷ, ವಾಸ್ತವದಲ್ಲಿ ಇನ್ನೂ ಹೆಚ್ಚು. ಯುಜಿಸಿ ವೇತನದ ಸಹಾಯಕ ಪ್ರಾಧ್ಯಾಪಕ ಹುದ್ದೆ ಸಿಕ್ಕರೆ ಮೂಲವೇತನ 57,700 ರೂಪಾಯಿಯಿಂದ ಶುರು. ಅತಿಥಿ ಉಪನ್ಯಾಸಕರಾಗಿ ಕಾಯುವ ವರ್ಷಗಳಲ್ಲಿ ಕೈಗೆ ಬರುವುದು ಇದಕ್ಕಿಂತ ಎಷ್ಟೋ ಕಡಿಮೆ. ಅಷ್ಟೇ ಓದಿದ ಗೆಳತಿ ಮುಂಬೈಯ ವಕೀಲಿ ಸಂಸ್ಥೆಗೆ ಸೇರಿ ಇದರ ಹಲವು ಪಟ್ಟು ಎಣಿಸುತ್ತಿರುತ್ತಾಳೆ. ಮನೆಯಲ್ಲಿ ಕೇಳುವ ಪ್ರಶ್ನೆಗೆ ಉತ್ತರ ಸಿದ್ಧ ಇಟ್ಟುಕೊಂಡೇ ಈ ದಾರಿಗೆ ಇಳಿಯಬೇಕು.

ದುಡ್ಡಿನ ವಿಷಯ ಹಾಗಿರಲಿ. ನನ್ನ ತಕರಾರು ಪಾಠದ ಮೇಲೆ. ಕಂಪನಿ ಕಾನೂನಿನ ತರಗತಿಯಲ್ಲಿ ಕಲಿಸುವುದು ಲಂಡನ್ನಿನ ಪ್ರಕರಣ, ಮುಂಬೈಯ ಪ್ರಕರಣ, ಷೇರುಪೇಟೆಯ ಪ್ರಕರಣ. ರೀಗಲ್ ಓದುತ್ತಾರೆ. 2004ರ ಡೇಲ್ ಅಂಡ್ ಕ್ಯಾರಿಂಗ್ಟನ್ ತೀರ್ಪನ್ನೂ ಓದುತ್ತಾರೆ. ವ್ಯವಸ್ಥಾಪಕ ನಿರ್ದೇಶಕನೊಬ್ಬ ತನಗೆ ತಾನೇ ಷೇರು ಹಂಚಿಕೊಂಡು ಬಹುಮತದ ಮಾಲೀಕನನ್ನೇ ಅಲ್ಪಮತಕ್ಕೆ ಇಳಿಸಿದ್ದನ್ನು ಸುಪ್ರೀಂ ಕೋರ್ಟು ರದ್ದುಮಾಡಿದ ಪ್ರಕರಣ ಅದು. ಓದಬೇಕಾದದ್ದೇ. ಆದರೆ ಇಂಥ ಪ್ರಕರಣಗಳ ಷೇರುದಾರರಿಗೆ ವಕೀಲರಿರುತ್ತಾರೆ, ಷೇರುಪೇಟೆಯಲ್ಲಾದರೆ ಮಾರಿ ಹೊರಬೀಳಲು ದಾರಿಯೂ ಇರುತ್ತದೆ. ಉತ್ಪಾದಕ ಕಂಪನಿಯ ಷೇರನ್ನು ಪೇಟೆಯಲ್ಲಿ ಮಾರುವಂತಿಲ್ಲ. ಮರಗೂರಿನ ಸಹಕಾರಿ ಸಕ್ಕರೆ ಕಾರ್ಖಾನೆಗೆ ಷೇರು ಕಟ್ಟಿದ ರೈತನೂ ಹಾಗೆಯೇ, ಮನಸ್ಸು ಬಂದ ದಿನ ಮಾರಿ ನಡೆಯುವಂತಿಲ್ಲ. ಹೊರಗೆ ಹೋಗುವ ಬಾಗಿಲು ಇಲ್ಲದ ಕಡೆಯಲ್ಲೇ ವಿಶ್ವಾಸದ ಹೊಣೆ ಹೆಚ್ಚು ಬೇಕಾಗುವುದು. ಪಾಠ ಮಾತ್ರ ಬಾಗಿಲು ತೆರೆದಿರುವ ಕಡೆಯದು. 2020ರ ಜನವರಿಯಲ್ಲಿ ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ ರಿಸರ್ವ್ ಬ್ಯಾಂಕ್ ನಿರ್ಬಂಧ ಹೇರಿ, ಠೇವಣಿದಾರರು 35,000 ರೂಪಾಯಿಗಿಂತ ಹೆಚ್ಚು ತೆಗೆಯುವಂತಿಲ್ಲ ಎಂದಾಗ ರಾಜ್ಯಕ್ಕೆಲ್ಲ ಗಾಬರಿಯಾಯಿತು. ಆ ಗಾಬರಿ ಠೇವಣಿ ವಿಮೆಯ ಚರ್ಚೆಯಾಗಿ ಹರಿದುಹೋಯಿತೇ ಹೊರತು ನಿರ್ದೇಶಕರ ಹೊಣೆಯ ಪಾಠವಾಗಿ ತರಗತಿಗೆ ಬಂದದ್ದು ಕಡಿಮೆ.

ಇಲ್ಲಿಯವರೇ ಈ ವಿಷಯ ಓದಬೇಕು ಎನ್ನುವುದಕ್ಕೆ ಊರಿನ ಅಭಿಮಾನ ಕಾರಣವಲ್ಲ. ಇಲ್ಲಿಯವರಿಗಷ್ಟೇ ಕಾಣುವ ಸಂಗತಿಗಳಿವೆ. ಒಂದನ್ನು ಹೇಳುತ್ತೇನೆ. ಕಂಪನಿ ಕಾಯ್ದೆಯಲ್ಲಿ ಸಂಬಂಧಿ ಎಂದರೆ ಯಾರು ಎಂಬುದಕ್ಕೆ 2014ರ ನಿಯಮಗಳಲ್ಲಿ ಪಟ್ಟಿ ಇದೆ: ತಂದೆ, ತಾಯಿ, ಮಗ, ಸೊಸೆ, ಮಗಳು, ಅಳಿಯ, ಅಣ್ಣತಮ್ಮ, ಅಕ್ಕತಂಗಿ. ಜೊತೆಗೆ ಗಂಡ ಅಥವಾ ಹೆಂಡತಿ, ಹಿಂದೂ ಅವಿಭಕ್ತ ಕುಟುಂಬದ ಸದಸ್ಯರು. ಮುಗಿಯಿತು. ಇದರಲ್ಲಿ ಸೋದರಮಾವ ಇಲ್ಲ. ಅಕ್ಕನ ಗಂಡ ಇಲ್ಲ. 1956ರ ಕಾಯ್ದೆಯ ಉದ್ದನೆಯ ಪಟ್ಟಿಯಲ್ಲಿ ಆತ ಇದ್ದ, ಹೊಸದರಲ್ಲಿ ಬಿಟ್ಟುಹೋದ. ಹೆಂಡತಿಯ ತಮ್ಮ ಇಲ್ಲ. ಬೀಗರು ಇಲ್ಲವೇ ಇಲ್ಲ. ಸೋದರಮಾವನ ಮಗಳನ್ನು, ಅಕ್ಕನ ಮಗಳನ್ನು ತಂದುಕೊಳ್ಳುವ ಸೀಮೆ ನಮ್ಮದು. ಇಲ್ಲಿ ವ್ಯವಹಾರ ನಡೆಯುವುದೇ ಮಾವ, ಭಾವ, ಬೀಗರ ನಡುವೆ. ಕಂಪನಿಯ ಲಿಂಬೆ ಸಾಗಿಸುವ ಲಾರಿ ಬೀಗರದು, ಗೊಬ್ಬರದ ಅಂಗಡಿ ಹೆಂಡತಿಯ ತಮ್ಮನದು, ಎಪಿಎಂಸಿಯ ಅಡತಿ ಅಂಗಡಿ ಸೋದರಮಾವನದು ಎಂದಿಟ್ಟುಕೊಳ್ಳಿ. ಸಂಬಂಧಿಗಳೊಡನೆ ಮಾಡುವ ವ್ಯವಹಾರಕ್ಕೆ 188ನೇ ಕಲಂ ಬೇಡುವ ಒಪ್ಪಿಗೆಗಳು ಈ ಮೂವರಲ್ಲಿ ಒಬ್ಬರಿಗೂ ಬೇಕಾಗುವುದಿಲ್ಲ, ಪಟ್ಟಿ ಅವರನ್ನು ನೆಂಟರೆಂದೇ ಎಣಿಸದಿರುವಾಗ.

ಹಾಗಾದರೆ ಅವರು ಪಾರಾದರೇ? 166ನೇ ಕಲಮಿನ ಪರೋಕ್ಷ ಹಿತಾಸಕ್ತಿ ಎಂಬ ಮಾತು ಪಟ್ಟಿಗೆ ಕಟ್ಟುಬಿದ್ದದ್ದಲ್ಲ. ಬೀಗರ ಲಾರಿಗೆ ಬಾಡಿಗೆ ಹೆಚ್ಚು ಕೊಟ್ಟರೆ ಮಗಳ ಮನೆಯಲ್ಲಿ ತನ್ನ ಮಾನ ಹೆಚ್ಚುತ್ತದೆ. ಬೇರೆ ಲಾರಿ ಹಚ್ಚಿದರೆ ಮಗಳು ಅತ್ತೆಯಿಂದ ಮಾತು ಕೇಳಬೇಕಾಗುತ್ತದೆ. ಆಗ ನಿರ್ದೇಶಕನ ಹಿತ ಕಂಪನಿಯ ಹಿತದೊಂದಿಗೆ ತಾಗುತ್ತದೆಯೋ ಇಲ್ಲವೋ? ನಮಗೆ ಇದು ಕೇಳಬೇಕಾದ ಪ್ರಶ್ನೆಯೂ ಅಲ್ಲ. ದಿಲ್ಲಿಯ ನ್ಯಾಯಪೀಠಕ್ಕೆ ಇದನ್ನು ಸಾಕ್ಷ್ಯಸಮೇತ ವಿವರಿಸಬೇಕು, ಮದುವೆ ಸಂಬಂಧ ಇಲ್ಲಿ ಹೇಗೆ ಸಾಲ, ಸಾಗಾಟ, ದಲಾಲಿಯ ಜಾಲವಾಗಿ ಹೆಣೆದುಕೊಂಡಿದೆ ಎಂದು ತೋರಿಸಬೇಕು. ಪಟ್ಟಿಯನ್ನು ಹಿಗ್ಗಿಸಿಬಿಟ್ಟರೆ ಎಲ್ಲ ಸರಿಹೋಗುವುದೂ ಇಲ್ಲ. ಅರ್ಧ ಊರೇ ನೆಂಟರಾಗಿರುವ ಹಳ್ಳಿಯಲ್ಲಿ ಕಂಪನಿ ಯಾರೊಡನೆಯೂ ವ್ಯವಹಾರ ಮಾಡದಂತಾಗುತ್ತದೆ. ಎಷ್ಟೋ ಸಲ ನಂಬಿಗಸ್ತ ಲಾರಿ ಅಂದರೆ ಬೀಗರ ಲಾರಿಯೇ. ಹಾಗಾಗಿ ನಿಷೇಧಿಸುವುದಕ್ಕಿಂತ ಬಾಯಿಬಿಟ್ಟು ಹೇಳಿಸುವ ದಾರಿ ಇಲ್ಲಿಗೆ ಹೊಂದುತ್ತದೆ ಎನ್ನುವವನು ನಾನು. ಪ್ರತಿ ವರ್ಷದ ಮೊದಲ ಮಂಡಳಿ ಸಭೆಯಲ್ಲಿ ನಿರ್ದೇಶಕರು ತಮ್ಮ ಹಿತಾಸಕ್ತಿಗಳನ್ನು ಬರೆದು ಕೊಡಬೇಕೆಂದು 184ನೇ ಕಲಂ ಈಗಲೇ ಹೇಳುತ್ತದೆ. ಆ ಘೋಷಣೆಯ ನಮೂನೆಯಲ್ಲಿ ಕಂಪನಿ, ಸಂಸ್ಥೆಗಳ ಹೆಸರಿಗೆ ಜಾಗವಿದೆ. ಉತ್ಪಾದಕ ಕಂಪನಿಯೊಂದು ತನ್ನ ನಿಯಮಾವಳಿಯಲ್ಲೇ ಒಂದು ಸಾಲು ಸೇರಿಸಿಕೊಂಡು, ಬೀಗರ ಲಾರಿಗೂ ಮಾವನ ಅಡತಿಗೂ ಅಲ್ಲಿ ಜಾಗ ಮಾಡಬಹುದು. ಅದಕ್ಕೆ ದಿಲ್ಲಿಯ ಅಪ್ಪಣೆ ಬೇಕಿಲ್ಲ, ಸದಸ್ಯರ ವಿಶೇಷ ನಿರ್ಣಯ ಸಾಕು. ಆ ಸಾಲನ್ನು ನ್ಯಾಯಾಲಯದಲ್ಲಿ ನಿಲ್ಲುವ ಹಾಗೆ, ರೈತನಿಗೆ ತಿಳಿಯುವ ಕನ್ನಡದಲ್ಲಿ ಬರೆದುಕೊಡಬಲ್ಲ ಕಾನೂನು ಮೇಷ್ಟ್ರು ಒಬ್ಬರು ಬೇಕು.